ಇನ್‌ವಾಯ್ಸ್‌ನಲ್ಲಿದ್ದ ಹೆಸರು, ಬಾಟಲಿಯಲ್ಲಿದ್ದ ದ್ರವ

ಬೆಂಗಳೂರಿನ ಹಳೆಯ ಎಚ್‌ಎಎಲ್ ವಿಮಾನ ನಿಲ್ದಾಣದ ಸರಕು ವಿಭಾಗದಲ್ಲಿ ಕೆಲಸ ಕಲಿತು, 2008ರ ಮೇ ತಿಂಗಳಲ್ಲಿ ದೇವನಹಳ್ಳಿಯ ಹೊಸ ನಿಲ್ದಾಣ ತೆರೆದಾಗ ಅಲ್ಲಿಗೆ ಬಂದವರಲ್ಲಿ ನಾನೂ ಒಬ್ಬ. ಅಂದಿನಿಂದ ಇಂದಿನವರೆಗೂ ನನ್ನ ಕೆಲಸ ಹೆಚ್ಚುಕಡಿಮೆ ಒಂದೇ: ರಫ್ತುದಾರರು ತರುವ ಸರಕು ಅಪಾಯಕಾರಿ ವರ್ಗಕ್ಕೆ ಸೇರುತ್ತದೆಯೇ ಎಂದು ತೀರ್ಮಾನಿಸಿ, ಸೇರುವುದಾದರೆ ಅದನ್ನು ನಿಯಮದಂತೆ ಸಿದ್ಧಪಡಿಸಿ ವಿಮಾನ ಸಂಸ್ಥೆಗೆ ಒಪ್ಪಿಸುವುದು. ನಮ್ಮ ದೇಶದಲ್ಲಿ ಇದಕ್ಕೆಂದೇ 2003ರಲ್ಲಿ ನಿಯಮಗಳು ಬಂದವು. ಎರಡು ವರ್ಷಕ್ಕೊಮ್ಮೆ ತರಬೇತಿಗೆ ಕುಳಿತು ಪರೀಕ್ಷೆ ಪಾಸಾಗದೆ ಈ ಕೆಲಸ ಮಾಡುವಂತಿಲ್ಲ. ವಿಮಾನ ಸಂಸ್ಥೆಗಳ ಅಂತರರಾಷ್ಟ್ರೀಯ ಒಕ್ಕೂಟವಾದ ಅಯಾಟಾ ಪ್ರಕಟಿಸುವ ನಿಯಮ ಪುಸ್ತಕದ ಹೊಸ ಆವೃತ್ತಿ ಪ್ರತಿ ಜನವರಿ 1ರಂದು ಜಾರಿಗೆ ಬರುವುದರಿಂದ, ಹೋದ ವರ್ಷ ಸರಿಯಾಗಿದ್ದುದು ಈ ವರ್ಷವೂ ಸರಿಯೇ ಎಂದು ಭಾವಿಸಲಾಗದು.

ಹೊಸಬರು ಸಾಮಾನ್ಯವಾಗಿ ಒಂಬತ್ತು ವರ್ಗಗಳನ್ನು ಬಾಯಿಪಾಠ ಮಾಡಿಕೊಂಡು ಬರುತ್ತಾರೆ. ಅದು ಬೇಕು, ಆದರೆ ಕಷ್ಟವಿರುವುದು ಅಲ್ಲಲ್ಲ. ಎದುರಿಗಿರುವ ವಸ್ತು ಯಾವ ವರ್ಗದ್ದು ಎಂದು ಹೇಳುವ ಮಾಹಿತಿ ನಮ್ಮ ಕೈಗೆ ಸರಿಯಾಗಿ ಬರುವುದೇ ಇಲ್ಲ. ಒಂದು ಉದಾಹರಣೆಯನ್ನು ವಿವರವಾಗಿ ಹೇಳುತ್ತೇನೆ.

ನಗರದ ಹೊರವಲಯದ ಒಂದು ಸಣ್ಣ ಸುಗಂಧದ್ರವ್ಯ ತಯಾರಕ ಸಂಸ್ಥೆಯವರು ದುಬೈಗೆ 20 ಲೀಟರ್ ಮಾದರಿ ಕಳುಹಿಸಬೇಕಿತ್ತು. ಇನ್‌ವಾಯ್ಸ್‌ನಲ್ಲಿ ‘ಸುಗಂಧ ತೈಲದ ಮಾದರಿ, ಅಪಾಯಕಾರಿಯಲ್ಲ’ ಎಂದಿತ್ತು. ಜೊತೆಗಿದ್ದ ಸುರಕ್ಷತಾ ಮಾಹಿತಿ ಪತ್ರದ 14ನೆಯ ವಿಭಾಗ, ಅಂದರೆ ಸಾಗಣೆಯ ವಿಭಾಗ, ‘ನಿರ್ಬಂಧವಿಲ್ಲ’ ಎನ್ನುತ್ತಿತ್ತು. ನಾನು ರೂಢಿಯಂತೆ ಮೊದಲು 9ನೆಯ ವಿಭಾಗಕ್ಕೆ, ಅಂದರೆ ವಸ್ತುವಿನ ಭೌತಿಕ ಮತ್ತು ರಾಸಾಯನಿಕ ಗುಣಗಳ ವಿಭಾಗಕ್ಕೆ ಹೋದೆ. ಅಲ್ಲಿ ಫ್ಲ್ಯಾಶ್ ಪಾಯಿಂಟ್ 19 ಡಿಗ್ರಿ ಎಂದು ಬರೆದಿತ್ತು. ದ್ರವದ ಆವಿ ಕಿಡಿ ತಾಗಿದರೆ ಹೊತ್ತಿಕೊಳ್ಳುವ ಅತಿ ಕಡಿಮೆ ಉಷ್ಣತೆಯೇ ಫ್ಲ್ಯಾಶ್ ಪಾಯಿಂಟ್. ಮುಚ್ಚಿದ ಪಾತ್ರೆಯ ಪರೀಕ್ಷೆಯಲ್ಲಿ ಅದು 60 ಡಿಗ್ರಿ ಅಥವಾ ಅದಕ್ಕಿಂತ ಕಡಿಮೆ ಬಂದರೆ ದ್ರವ 3ನೆಯ ವರ್ಗಕ್ಕೆ, ಅಂದರೆ ದಹನಶೀಲ ದ್ರವಗಳ ವರ್ಗಕ್ಕೆ ಸೇರುತ್ತದೆ. ಒಂದೇ ಪತ್ರದ ಎರಡು ವಿಭಾಗಗಳು ಪರಸ್ಪರ ಸುಳ್ಳಾಗಿಸುತ್ತಿದ್ದವು. ವಿಚಾರಿಸಿದಾಗ, ಹಿಂದೆ ಮಾಡುತ್ತಿದ್ದ ಮದ್ಯಸಾರವಿಲ್ಲದ ಮಿಶ್ರಣದ ಪತ್ರವನ್ನೇ ಇಟ್ಟುಕೊಂಡು, ಹೊಸ ಮಿಶ್ರಣಕ್ಕೆ ಎಥನಾಲ್ ಸೇರಿಸಿದ ಮೇಲೆ 9ನೆಯ ವಿಭಾಗವನ್ನಷ್ಟೇ ಬದಲಿಸಿದ್ದರೆಂದು ತಿಳಿಯಿತು. ಅವರಲ್ಲಿ ಮೋಸದ ಉದ್ದೇಶವಿರಲಿಲ್ಲ. ‘ತೈಲ’ ಎಂಬ ಪದವನ್ನು ಅವರೇ ನಂಬಿದ್ದರು.

ಈ ಪದ ಏನನ್ನೂ ಹೇಳುವುದಿಲ್ಲ. ಶ್ರೀಗಂಧದ ಎಣ್ಣೆಯ ಫ್ಲ್ಯಾಶ್ ಪಾಯಿಂಟ್ 60 ಡಿಗ್ರಿಗಿಂತ ಬಹಳ ಮೇಲಿದೆ, ಅದು 3ನೆಯ ವರ್ಗಕ್ಕೆ ಬರುವುದಿಲ್ಲ. ನೀಲಗಿರಿ ಎಣ್ಣೆಯದು 50 ಡಿಗ್ರಿಯ ಆಸುಪಾಸು, ಅದು ಬರುತ್ತದೆ. ದೇವರ ಮನೆಯ ಕರ್ಪೂರವನ್ನು ಅಪಾಯಕಾರಿ ಎಂದು ಯಾರೂ ಎಣಿಸುವುದಿಲ್ಲ, ಆದರೆ ಅಪಾಯಕಾರಿ ವಸ್ತುಗಳಿಗೆ ವಿಶ್ವಸಂಸ್ಥೆ ಕೊಡುವ ಗುರುತು ಸಂಖ್ಯೆಗಳ ಪಟ್ಟಿಯಲ್ಲಿ ಕೃತಕ ಕರ್ಪೂರ ಯುಎನ್ 2717 ಸಂಖ್ಯೆಯ ದಹನಶೀಲ ಘನವಸ್ತು. ಅಮೆರಿಕದಲ್ಲಿರುವ ಮಗಳಿಗೆಂದು ಪೂಜಾ ಸಾಮಗ್ರಿಯ ಪಾರ್ಸೆಲ್ ತಂದವರ ಮುಂದೆ ಅದನ್ನು ತೆಗೆದಿಡುವಾಗ ಇಂದಿಗೂ ನನಗೆ ಬೇಸರವಾಗುತ್ತದೆ; ಆದರೂ ತೆಗೆದಿಡುತ್ತೇನೆ.

ಆ ಸುಗಂಧ ಸಂಸ್ಥೆಯ ಮಾಹಿತಿ ಪತ್ರವನ್ನು ನಾನೇ ತಿದ್ದುವುದು ಸಾಧ್ಯವಿರಲಿಲ್ಲ. ವರ್ಗೀಕರಣದ ಹೊಣೆ ಕಳುಹಿಸುವವರದು. ದ್ರವವನ್ನು ಪ್ರಯೋಗಾಲಯಕ್ಕೆ ಕಳುಹಿಸಲು ಹೇಳಿದೆ. ಮುಚ್ಚಿದ ಪಾತ್ರೆಯ ಪರೀಕ್ಷೆಯಲ್ಲಿ 17 ಡಿಗ್ರಿ ಬಂತು. 23 ಡಿಗ್ರಿಗಿಂತ ಕಡಿಮೆ, ಕುದಿಯಲು ಆರಂಭಿಸುವ ಉಷ್ಣತೆ 35 ಡಿಗ್ರಿಗಿಂತ ಹೆಚ್ಚು. ಆದ್ದರಿಂದ ಎರಡನೆಯ ಪ್ಯಾಕಿಂಗ್ ಗುಂಪು, ಅಂದರೆ ಮೂರು ಅಪಾಯ ಮಟ್ಟಗಳಲ್ಲಿ ಮಧ್ಯದ್ದು. ಯುಎನ್ 1266, ಪರ್ಫ್ಯೂಮರಿ ಪ್ರಾಡಕ್ಟ್ಸ್ ಎಂಬುದು ಅದರ ಸರಿಯಾದ ಸಾಗಣೆ ಹೆಸರು. ಪ್ರಯಾಣಿಕರ ವಿಮಾನದಲ್ಲಿ ಕಳುಹಿಸುವುದಾದರೆ ಪ್ಯಾಕಿಂಗ್ ಸೂಚನೆ 353ರ ಪ್ರಕಾರ ಪ್ರತಿ ಪೆಟ್ಟಿಗೆಗೆ 5 ಲೀಟರ್ ಮಿತಿ. ಸರಕು ವಿಮಾನಕ್ಕಾದರೆ ಸೂಚನೆ 364ರಂತೆ 60 ಲೀಟರ್. ಅವರಿಗೆ ಬೇಕಾದ ದಿನ ಇದ್ದದ್ದು ಪ್ರಯಾಣಿಕರ ವಿಮಾನ. ಹೀಗಾಗಿ ನಾಲ್ಕು ಪೆಟ್ಟಿಗೆಗಳು.

ಪ್ಯಾಕಿಂಗ್‌ನಲ್ಲಿಯೂ ಎರಡು ತೊಡಕುಗಳು ಎದುರಾದವು. ಗಾಜಿನ ಬಾಟಲಿಗಳನ್ನು ಕಂಠದವರೆಗೆ ತುಂಬಿದ್ದರು. ದ್ರವ ಬಿಸಿಯಾದಾಗ ಹಿಗ್ಗುತ್ತದೆ. 55 ಡಿಗ್ರಿಯಲ್ಲಿಯೂ ಒಳಪಾತ್ರೆ ಪೂರ್ತಿ ತುಂಬಿರಕೂಡದು. ಮೇಲಾಗಿ ಮೇಲೇರಿದಂತೆ ಹೊರಗಿನ ಒತ್ತಡ ಇಳಿಯುವುದರಿಂದ ಈ ಗುಂಪಿನ ದ್ರವಕ್ಕೆ ಒಳಪಾತ್ರೆ 95 ಕಿಲೊಪಾಸ್ಕಲ್ ಒತ್ತಡ ವ್ಯತ್ಯಾಸವನ್ನು ಸೋರದೆ ತಡೆಯಬೇಕು. ಸ್ವಲ್ಪ ದೊಡ್ಡ ಅಳತೆಯ ಅಲ್ಯೂಮಿನಿಯಂ ಬಾಟಲಿಗಳಿಗೆ ತಲಾ 1 ಲೀಟರ್‌ನಂತೆ ಬಗ್ಗಿಸಿ, ಮುಚ್ಚಳಗಳನ್ನು ಬಿಗಿದು, ಸಡಿಲವಾಗದಂತೆ ಟೇಪು ಸುತ್ತಿಸಿದೆ. ಎರಡನೆಯ ತೊಡಕು ಹೊರಪೆಟ್ಟಿಗೆಯದು. ‘4ಜಿ’ ಗುರುತಿನ ರಟ್ಟಿನ ಪೆಟ್ಟಿಗೆಯನ್ನು ಅವರೇ ಖರೀದಿಸಿ ತಂದಿದ್ದರು, ಆದರೆ ಗುರುತಿನಲ್ಲಿ ‘ಝಡ್’ ಅಕ್ಷರವಿತ್ತು. ಝಡ್ ಎಂದರೆ ಅತಿ ಕಡಿಮೆ ಅಪಾಯದ ಮೂರನೆಯ ಗುಂಪಿಗೆ ಮಾತ್ರ. ನಮಗೆ ‘ವೈ’ ಅಥವಾ ‘ಎಕ್ಸ್’ ಬೇಕಿತ್ತು. ಇಂಥ ಪೆಟ್ಟಿಗೆಯನ್ನು ಯಾವ ಒಳಪಾತ್ರೆಗಳೊಡನೆ ಪರೀಕ್ಷಿಸಿದ್ದಾರೆಂದು ಪ್ರಮಾಣಪತ್ರ ಹೇಳುತ್ತದೆ, ಆದ್ದರಿಂದ ಬಾಟಲಿ ಮತ್ತು ಪೆಟ್ಟಿಗೆಯನ್ನು ಜೋಡಿಯಾಗಿಯೇ ಆರಿಸಬೇಕಾಯಿತು.

ಬಾಟಲಿಗಳ ನಡುವೆ ಮರದ ಹೊಟ್ಟು ತುಂಬೋಣವೇ ಎಂದು ಅವರ ಉಗ್ರಾಣದವರು ಕೇಳಿದರು. 1973ರ ನವೆಂಬರ್ 3ರಂದು ಬಾಸ್ಟನ್‌ನಲ್ಲಿ ಬಿದ್ದ ಪ್ಯಾನ್ ಆಮ್ ಸರಕು ವಿಮಾನದ ಕಥೆಯನ್ನು ಅವರಿಗೆ ಹೇಳಿದೆ. ನೈಟ್ರಿಕ್ ಆಮ್ಲದ ಬಾಟಲಿಗಳನ್ನು ಮರದ ಹೊಟ್ಟಿನಲ್ಲಿ ಇಟ್ಟಿದ್ದರು, ಪೆಟ್ಟಿಗೆಗಳು ಅಡ್ಡಲಾಗಿ ಮಲಗಿದ್ದವು. ಸೋರಿದ ಆಮ್ಲ ಹೊಟ್ಟಿನೊಡನೆ ವರ್ತಿಸಿ ಎದ್ದ ಹೊಗೆ ಕಾಕ್‌ಪಿಟ್ ತುಂಬಿತು, ಸಿಬ್ಬಂದಿ ಮೂವರೂ ಸತ್ತರು. ನಮ್ಮ ದ್ರವ ಆಮ್ಲವಲ್ಲ ನಿಜ, ಆದರೆ ದಹನಶೀಲ ದ್ರವಕ್ಕೆ ಉರಿಯುವ ಹಾಸಿಗೆ ಏಕೆ? ಉರಿಯದ, ಹೀರಿಕೊಳ್ಳುವ ವರ್ಮಿಕ್ಯುಲೈಟ್ ಹಾಕಿದೆವು. ಯಾವ ಕಡೆ ಮೇಲಿರಬೇಕೆಂದು ತೋರಿಸಲು ಪೆಟ್ಟಿಗೆಯ ಎರಡು ಎದುರು ಬದಿಗಳಿಗೆ ಅಂಟಿಸುವ ಬಾಣದ ಗುರುತನ್ನು ಯಾರೂ ಅಲಂಕಾರವೆಂದು ತಿಳಿಯಬಾರದೆಂದು ಈ ಕಥೆಯನ್ನು ನಾನು ಪ್ರತಿ ಹೊಸ ಗ್ರಾಹಕರಿಗೂ ಹೇಳುತ್ತೇನೆ.

ಕೊನೆಗೆ, ಒಳಗೇನಿದೆ ಎಂದು ಕಳುಹಿಸುವವರು ಘೋಷಿಸುವ, ಕೆಂಪು ಓರೆಗೆರೆಗಳ ಅಂಚಿನ ಪತ್ರ. ಸಮಯವಿಲ್ಲ, ನೀವೇ ಸಹಿ ಹಾಕಿಬಿಡಿ ಎಂದರು, ಹಾಕಲಿಲ್ಲ. ಸಹಿ ಕಳುಹಿಸುವವರದೇ ಆಗಬೇಕು, ತಿದ್ದಿದರೆ ತಿದ್ದಿದಲ್ಲಿಯೂ ಅದೇ ಸಹಿ ಬೇಕು. 1996ರ ಮೇ 11ರಂದು ಫ್ಲಾರಿಡಾದ ಎವರ್‌ಗ್ಲೇಡ್ಸ್ ಜೌಗಿನಲ್ಲಿ ವ್ಯಾಲುಜೆಟ್ ವಿಮಾನ ಬಿದ್ದು 110 ಜನ ಸತ್ತದ್ದು ಬಳಸದೆ ಉಳಿದಿದ್ದ, ಚಾಲೂ ಆದರೆ ಕಾದು ಬೆಂಕಿ ಹೊತ್ತಿಸಬಲ್ಲ ಆಮ್ಲಜನಕ ಉತ್ಪಾದಕಗಳನ್ನು ‘ಖಾಲಿ’ ಎಂದು ಕಾಗದದಲ್ಲಿ ಬರೆದುದರಿಂದ. ಆ ಒಂದು ಪದ ನನ್ನ ಮನಸ್ಸಿನಿಂದ ಹೋಗುವುದಿಲ್ಲ. ಲೇಬಲ್ ಅಂಟಿಸಿದ ಪೆಟ್ಟಿಗೆಗಿಂತ, ತಪ್ಪು ಹೆಸರಿನಲ್ಲಿ ಸದ್ದಿಲ್ಲದೆ ಒಳಗೆ ಹೋಗುವ ಪೆಟ್ಟಿಗೆಗೇ ನಾನು ಹೆಚ್ಚು ಹೆದರುತ್ತೇನೆ. ಇಂದು ಆ ಭಯ ಹೆಚ್ಚಾಗಿ ಲಿಥಿಯಂ ಬ್ಯಾಟರಿಯದು: ಪವರ್ ಬ್ಯಾಂಕನ್ನು ‘ಮೊಬೈಲ್ ಬಿಡಿಭಾಗ’ ಎಂದು ಬರೆದು ತರುತ್ತಾರೆ, ಅದು ಯುಎನ್ 3480ರ ಬ್ಯಾಟರಿಯೇ, ಮತ್ತು ಅಂಥ ಬಿಡಿ ಬ್ಯಾಟರಿ 2016ರ ಏಪ್ರಿಲ್ 1ರಿಂದ ಸರಕಾಗಿ ಪ್ರಯಾಣಿಕರ ವಿಮಾನ ಏರುವಂತಿಲ್ಲ.

ವಿಮಾನ ಸಂಸ್ಥೆಯ ಸ್ವೀಕಾರ ಪಟ್ಟಿಯಲ್ಲಿ ಒಂದು ಪ್ರಶ್ನೆಗೆ ‘ಇಲ್ಲ’ ಎಂಬ ಉತ್ತರ ಬಂದರೂ ಇಡೀ ಸರಕು ವಾಪಸು. ನಮ್ಮ ನಾಲ್ಕು ಪೆಟ್ಟಿಗೆಗಳು ನಿಗದಿಗಿಂತ ಆರು ದಿನ ತಡವಾಗಿ, ಒಂದೂ ‘ಇಲ್ಲ’ ಬೀಳದೆ ಒಳಗೆ ಹೋದವು. ಆ ರಾತ್ರಿ ಕ್ಯಾಪ್ಟನ್ ಕೈಗೆ ಹೋದ ಸೂಚನಾ ಹಾಳೆಯಲ್ಲಿ ಯುಎನ್ 1266, ವರ್ಗ 3, ನಾಲ್ಕು ಪೆಟ್ಟಿಗೆ, ಅವು ವಿಮಾನದ ಯಾವ ಸರಕು ಕೋಣೆಯಲ್ಲಿವೆ ಎಂಬ ವಿವರವೆಲ್ಲ ಇತ್ತು. ಮೊದಲ ಇನ್‌ವಾಯ್ಸ್‌ನಂತೆಯೇ ಕಳುಹಿಸಿದ್ದರೆ ಅವರ ಹಾಳೆಯಲ್ಲಿ ಆ ಸಾಲೇ ಇರುತ್ತಿರಲಿಲ್ಲ.