ನಮ್ಮ ಚಿತ್ರದಲ್ಲಿ ಹಸು ಇರಲಿಲ್ಲ: ಹಾಲಿನ ಡೇರಿಯಲ್ಲಿ ಪರಿಕಲ್ಪನಾ ಮಾದರಿ ಕಟ್ಟಿದ ನನ್ನ ಅನುಭವ

ಕಳೆದ 14 ವರ್ಷಗಳಿಂದ ನಾನು ಹಾಲು ಉತ್ಪಾದಕರ ಸಹಕಾರ ಸಂಘಗಳಿಗೆ ಲೆಕ್ಕಪತ್ರ ಮತ್ತು ಮಾಹಿತಿ ವ್ಯವಸ್ಥೆಗಳನ್ನು ರೂಪಿಸುವ ಕೆಲಸ ಮಾಡುತ್ತಿದ್ದೇನೆ. ಮೊದಲು ಬಟವಾಡೆಯ ಲೆಕ್ಕಕ್ಕಾಗಿ, ಕೆಲವು ವರ್ಷಗಳ ನಂತರ ಹಾಲು ತಂಪು ಮಾಡುವ ಘಟಕದ ವಿನ್ಯಾಸಕ್ಕಾಗಿ, ಇತ್ತೀಚೆಗೆ ಪಶುವೈದ್ಯರ ಒಂದು ತಂಡದ ಸಂಶೋಧನೆಗಾಗಿ, ಹೀಗೆ ಒಂದೇ ಊರಿನ ಒಂದೇ ಹಾಲಿಗೆ ಮೂರು ಪರಿಕಲ್ಪನಾ ಮಾದರಿಗಳನ್ನು ಕಟ್ಟುವ ಸಂದರ್ಭ ನನಗೆ ಒದಗಿತು. ಮೂರೂ ಒಂದಕ್ಕೊಂದು ಹೋಲುವುದಿಲ್ಲ. ಒಂದರಲ್ಲಿ ಮುಖ್ಯವಾದದ್ದು ಇನ್ನೊಂದರಲ್ಲಿ ಕಾಣಿಸುವುದೇ ಇಲ್ಲ. ಅದು ಏಕೆ ಹಾಗೆ, ಮತ್ತು ಅದನ್ನು ತಿಳಿಯಲು ನನಗೆ ಎಷ್ಟು ಕಾಲ ಹಿಡಿಯಿತು ಎಂಬುದನ್ನು ಇಲ್ಲಿ ಹೇಳುತ್ತೇನೆ.

ತಂತ್ರಾಂಶ ಬರೆಯುವ ಮೊದಲು, ಯಂತ್ರ ಕೊಳ್ಳುವ ಮೊದಲು, ಅಂಕಿಅಂಶ ಕೂಡಿಸುವ ಮೊದಲು, ನಾವು ಮಾತನಾಡುತ್ತಿರುವ ಲೋಕದಲ್ಲಿ ಯಾವ ಯಾವ ಸಂಗತಿಗಳಿವೆ, ಅವುಗಳಿಗೆ ಪರಸ್ಪರ ಏನು ಸಂಬಂಧ, ಯಾವುದನ್ನು ಗಣನೆಗೆ ತೆಗೆದುಕೊಂಡಿಲ್ಲ ಎಂಬುದನ್ನು ಕೆಲಸಕ್ಕೆ ಸಂಬಂಧಪಟ್ಟ ಎಲ್ಲರೂ ಓದಿ ತಿದ್ದಬಹುದಾದ ರೀತಿಯಲ್ಲಿ ಬರೆದಿಟ್ಟರೆ ಅದೇ ಪರಿಕಲ್ಪನಾ ಮಾದರಿ. ದತ್ತಾಂಶದ ಕ್ಷೇತ್ರದಲ್ಲಿ ಇದಕ್ಕೆ ಸ್ಪಷ್ಟವಾದ ರೂಪ ಕೊಟ್ಟವರು ಪೀಟರ್ ಚೆನ್. 1976ರಲ್ಲಿ ಅವರು ಪ್ರಕಟಿಸಿದ ವಸ್ತು-ಸಂಬಂಧ ಮಾದರಿಯನ್ನು ಇಂದಿಗೂ ಕಂಪ್ಯೂಟರ್ ವಿಜ್ಞಾನದ ವಿದ್ಯಾರ್ಥಿಗಳು ಓದುತ್ತಾರೆ. ನಾನೂ ಕಾಲೇಜಿನಲ್ಲಿ ಓದಿದ್ದೆ; ಚೌಕ, ವಜ್ರಾಕೃತಿ, ಗೆರೆ ಎಳೆದು ಪರೀಕ್ಷೆಯಲ್ಲಿ ಅಂಕವನ್ನೂ ಪಡೆದಿದ್ದೆ. ಅದರ ನಿಜವಾದ ಉಪಯೋಗ ತಿಳಿದದ್ದು ತಿಪಟೂರು ಕಡೆಯ ಒಂದು ಹಳ್ಳಿಯ ಡೇರಿಯಲ್ಲಿ, ಬೆಳಗಿನ 6 ಗಂಟೆಗೆ.

ನನ್ನ ಮೊದಲ ಚಿತ್ರದಲ್ಲಿ ನಾಲ್ಕು ಚೌಕಗಳಿದ್ದವು: ಸದಸ್ಯ, ಹಾಲು, ದರ, ಬಟವಾಡೆ. ಸದಸ್ಯ ಹಾಲು ಹಾಕುತ್ತಾನೆ, ಹಾಲಿಗೆ ಫ್ಯಾಟ್ ಮತ್ತು ಎಸ್‌ಎನ್‌ಎಫ್ (ಕೊಬ್ಬನ್ನು ಬಿಟ್ಟು ಹಾಲಿನಲ್ಲಿರುವ ಉಳಿದ ಘನಾಂಶ) ನೋಡಿ ದರ ನಿಗದಿಯಾಗುತ್ತದೆ, ದರದ ಪ್ರಕಾರ ಸದಸ್ಯನಿಗೆ ಬಟವಾಡೆಯಾಗುತ್ತದೆ. ಕಚೇರಿಯಲ್ಲಿ ಕುಳಿತು ನೋಡಿದಾಗ ಅದರಲ್ಲಿ ಯಾವ ಕೊರತೆಯೂ ಕಾಣಿಸಲಿಲ್ಲ. ಡೇರಿಯಲ್ಲಿ ಹೆಂಗಸೊಬ್ಬರು ಕ್ಯಾನ್ ಇಳಿಸಿ, ತಮ್ಮ ನಂಬರ್ ಹೇಳಿ, ಚೀಟಿ ತೆಗೆದುಕೊಂಡು ಹೋದರು. ಇವರು ಸದಸ್ಯರಲ್ಲವೇ ಎಂದು ನಾನು ಕಾರ್ಯದರ್ಶಿಯವರನ್ನು ಕೇಳಿದೆ.

“ಮೇಡಂ, ನಂಬರ್ ಮನೇದು. ಷೇರು ಅವರ ಮಾವನ ಹೆಸರಲ್ಲಿದೆ, ಅವರು ತೀರಿಕೊಂಡು ಎರಡು ವರ್ಷ ಆಯ್ತು. ಹಾಲು ಹಾಕೋದು ಈಯಮ್ಮ. ದುಡ್ಡು ಹೋಗೋದು ಇವರ ಯಜಮಾನರ ಖಾತೆಗೆ. ಇದರಲ್ಲಿ ನೀವು ಯಾರನ್ನ ಸದಸ್ಯರು ಅಂತೀರ?”

ಆ ಪ್ರಶ್ನೆಗೆ ನನ್ನ ಚಿತ್ರದಲ್ಲಿ ಉತ್ತರವಿರಲಿಲ್ಲ. ಒಂದೇ ಚೌಕದಲ್ಲಿ ನಾನು ನಾಲ್ಕು ಬೇರೆ ಸಂಗತಿಗಳನ್ನು ತುಂಬಿದ್ದೆ: ಡೇರಿಯ ನಂಬರ್, ಷೇರುದಾರ, ಹಾಲು ಹಾಕುವವರು, ಹಣ ಪಡೆಯುವ ಖಾತೆ. ಇದು ಪದಗಳ ಮೇಲಿನ ವಾದವಷ್ಟೇ ಆಗಿರಲಿಲ್ಲ. ಸಂಘದ ಚುನಾವಣೆಯಲ್ಲಿ ಮತ ಹಾಕುವ ಹಕ್ಕು ಷೇರಿಗೆ ಸೇರಿದ್ದು. ರಾಜ್ಯ ಸರ್ಕಾರ ಲೀಟರಿಗೆ ಇಷ್ಟೆಂದು ಕೊಡುವ ಪ್ರೋತ್ಸಾಹಧನ ಬ್ಯಾಂಕ್ ಖಾತೆಗೆ ಸೇರಬೇಕಾದದ್ದು. ಪಶು ಆಹಾರದ ಸಾಲದ ಕಡಿತ ನಂಬರಿಗೆ ಸಂಬಂಧಿಸಿದ್ದು. ನನ್ನ ಮೊದಲ ಚಿತ್ರವನ್ನೇ ತಂತ್ರಾಂಶವಾಗಿಸಿದ್ದರೆ, ಮಾವ ತೀರಿಕೊಂಡ ಮನೆಯ ಸೊಸೆಯ ಹಾಲಿನ ಹಣ ವಾರಸಾ ಪತ್ರಕ್ಕಾಗಿ ಕಾದು ನಿಲ್ಲುತ್ತಿತ್ತು. ಎರಡೂ ಹೊತ್ತು ಹಸುವಿನ ಕೆಲಸ ಮಾಡುವವರಿಗೆ ಬಟವಾಡೆ ಒಂದು ವಾರ ತಡವಾದರೂ ಅದು ಎಷ್ಟು ಕಷ್ಟವೆಂಬುದನ್ನು ಆ ಊರಿನಲ್ಲಿ ನೋಡಿದ್ದೇನೆ. ಆದ್ದರಿಂದಲೇ ಚೌಕಗಳನ್ನು ಬೇರ್ಪಡಿಸುವ ಈ ಕೆಲಸವನ್ನು ನಾನು ಹಗುರವಾಗಿ ಕಾಣಲಾರೆ.

ಎರಡನೆಯ ಪಾಠ 28 ಎಂಬ ಅಂಕಿಯಿಂದ ಬಂತು. ನಾವು ಕೆಲಸ ಮಾಡಿದ ಕಡೆ ಹಳ್ಳಿಯಲ್ಲಿ ಹಾಲನ್ನು ಲೀಟರಿನಲ್ಲಿ ಬರೆದುಕೊಳ್ಳುತ್ತಿದ್ದರು, ಸಂಘಗಳ ಒಕ್ಕೂಟದ ಡೇರಿಯಲ್ಲಿ ಕಿಲೋಗ್ರಾಮಿನಲ್ಲಿ ತೂಗುತ್ತಿದ್ದರು. ನನ್ನ ಚಿತ್ರದಲ್ಲಿ ಎರಡಕ್ಕೂ ‘ಪ್ರಮಾಣ’ ಎಂಬ ಒಂದೇ ಹೆಸರಿತ್ತು. ಹಾಲಿನ ಸಾಂದ್ರತೆ ಅಳೆಯುವ ಲ್ಯಾಕ್ಟೋಮೀಟರ್‌ನಲ್ಲಿ ಡಿಗ್ರಿ 28 ಬಂದರೆ ಆ ಹಾಲಿನ ಸಾಂದ್ರತೆ 1.028, ಅಂದರೆ 1000 ಲೀಟರ್ ಹಾಲು 1028 ಕೆ.ಜಿ. ತೂಗುತ್ತದೆ. ಪ್ರಾಯೋಗಿಕ ಲೆಕ್ಕದಲ್ಲಿ ದಿನವೂ ಹೆಚ್ಚುಕಡಿಮೆ ಅಷ್ಟೇ ವ್ಯತ್ಯಾಸ ಬರುತ್ತಿದ್ದುದನ್ನು ಕಂಡು ನಾವು ತಕ್ಕಡಿಯ ದೋಷವಿರಬಹುದೆಂದು ಎರಡು ವಾರ ಹುಡುಕಿದೆವು. ದಿನವೂ ಫ್ಯಾಟ್ ಮತ್ತು ಡಿಗ್ರಿ ನೋಡುವ ಹಾಲು ಪರೀಕ್ಷಕರು ಹಾಳೆಯನ್ನು ಒಮ್ಮೆ ನೋಡಿ, ಇದು ಡಿಗ್ರಿಯ ವ್ಯತ್ಯಾಸ ಎಂದರು. ಅಂದಿನಿಂದ ಯಾವ ಮಾದರಿಯಲ್ಲೂ ಅಳತೆಯ ಮಾನವನ್ನು ಹೇಳದೆ ಪ್ರಮಾಣ ಎಂಬ ಪದವನ್ನು ಬರೆಯುವುದನ್ನು ಬಿಟ್ಟಿದ್ದೇನೆ.

ಈ ಎರಡು ಅನುಭವಗಳಿಂದ ನನಗೊಂದು ರೂಢಿ ಬಂತು. ಚಿತ್ರದ ಪ್ರತಿಯೊಂದು ಗೆರೆಯನ್ನೂ ಒಂದು ಕನ್ನಡ ವಾಕ್ಯವನ್ನಾಗಿ ಬರೆದು, ಕೆಲಸ ಮಾಡುವವರ ಎದುರು ಗಟ್ಟಿಯಾಗಿ ಓದುತ್ತೇನೆ. ಚೌಕ ಮತ್ತು ಗೆರೆಗಳನ್ನು ತೋರಿಸಿದರೆ ಜನ ಸಂಕೋಚದಿಂದ ತಲೆಯಾಡಿಸಿ ಸುಮ್ಮನಾಗುತ್ತಾರೆ. ವಾಕ್ಯ ಓದಿದರೆ ತಿದ್ದುತ್ತಾರೆ. “ಒಂದು ನಂಬರಿನವರು ಒಂದು ಹೊತ್ತಿಗೆ ಒಂದೇ ಸಲ ಹಾಲು ಹಾಕುತ್ತಾರೆ” ಎಂದು ಓದಿದ ಕೂಡಲೇ, ಎಮ್ಮೆ ಹಾಲನ್ನೂ ಹಸುವಿನ ಹಾಲನ್ನೂ ಬೇರೆ ಬೇರೆ ಕ್ಯಾನಿನಲ್ಲಿ ತರುವ ಮನೆಗಳಿವೆ ಎಂದು ಹಿಂದಿನಿಂದ ಯಾರೋ ಹೇಳಿದರು. ವ್ಯವಹಾರದ ಮಾದರಿಗೆ ಇದಕ್ಕಿಂತ ಕಠಿಣವಾದ ಪರೀಕ್ಷೆ ಇನ್ನೊಂದಿದೆ ಎಂದು ನನಗೆ ಅನ್ನಿಸುವುದಿಲ್ಲ.

ತಂಪು ಘಟಕದ ಕೆಲಸ ಬಂದಾಗ ನಾನು ಇದೇ ಚಿತ್ರವನ್ನು ಹಿಡಿದುಕೊಂಡು ಹೋದೆ, ಅದು ಅಲ್ಲಿ ಪ್ರಯೋಜನಕ್ಕೆ ಬರಲಿಲ್ಲ. ಹಾಲು ಯಾರದೆಂಬುದು ಶೀತಲ ಟ್ಯಾಂಕಿಗೆ ಬೇಕಿಲ್ಲ. ಎಷ್ಟು ಹಾಲು, ಎಷ್ಟು ಬಿಸಿ, ಎಷ್ಟು ಹೊತ್ತಿನಲ್ಲಿ ಬರುತ್ತದೆ ಎಂಬುದಷ್ಟೇ ಬೇಕು. ಎಂಜಿನಿಯರುಗಳು ಟ್ಯಾಂಕಿನ ಸುತ್ತ ಒಂದು ಗೆರೆ ಎಳೆದು, ಒಳಗೆ ಬಂದ ಶಾಖವೆಷ್ಟು, ಹೊರಗೆ ಹೋದ ಶಾಖವೆಷ್ಟು ಎಂದು ಲೆಕ್ಕ ಹಾಕುತ್ತಾರೆ. ಆ ಊರಿನಲ್ಲಿ ಬೆಳಿಗ್ಗೆ 1000 ಲೀಟರ್, ಸಂಜೆ 800 ಲೀಟರ್ ಹಾಲು ಬರುತ್ತಿತ್ತು. ಒಂದು ಕೆ.ಜಿ. ಹಾಲು ಒಂದು ಡಿಗ್ರಿ ಇಳಿಯಲು ಸುಮಾರು 3.9 ಕಿಲೋಜೌಲ್ ಶಾಖ ತೆಗೆಯಬೇಕು. ಬೆಳಗಿನ ಹಾಲನ್ನು 34 ಡಿಗ್ರಿ ಸೆಲ್ಸಿಯಸ್‌ನಿಂದ 4 ಡಿಗ್ರಿಗೆ ಇಳಿಸಲು ಸುಮಾರು 120 ಮೆಗಾಜೌಲ್. ಮೂರು ಗಂಟೆಯಲ್ಲಿ ಮುಗಿಯಬೇಕಾದರೆ 11 ಕಿಲೋವಾಟ್ ಶಾಖ ತೆಗೆಯುವ ಸಾಮರ್ಥ್ಯ ಬೇಕು.

ಇಲ್ಲಿಯೂ ಸೂತ್ರಕ್ಕಿಂತ ಮೊದಲು ಬರುವುದು ಪರಿಕಲ್ಪನೆ. ರಾತ್ರಿಯಿಡೀ 4 ಡಿಗ್ರಿಯಲ್ಲಿದ್ದ 800 ಲೀಟರಿನ ಮೇಲೆ ಬೆಳಗಿನ 1000 ಲೀಟರ್ ಒಮ್ಮೆಲೇ ಬೀಳುತ್ತದೆ ಎಂದು ಊಹಿಸಿದರೆ ಟ್ಯಾಂಕಿನ ಹಾಲು ಸುಮಾರು 21 ಡಿಗ್ರಿಗೆ ಏರಬೇಕು, ಆ ಲೆಕ್ಕ ನೋಡಿದವರು ಎರಡರಷ್ಟು ದೊಡ್ಡ ಕಂಪ್ರೆಸರ್ ಕೇಳುತ್ತಾರೆ. ವಾಸ್ತವದಲ್ಲಿ ಹಾಲು ಎರಡು ಗಂಟೆಗಳ ಕಾಲ ಮನೆಮನೆಯಿಂದ ಸ್ವಲ್ಪ ಸ್ವಲ್ಪವಾಗಿ ಬರುತ್ತದೆ, ಕಂಪ್ರೆಸರ್ ಅಷ್ಟು ಹೊತ್ತೂ ಓಡುತ್ತಿರುತ್ತದೆ. ಹೀಗೆ ಹರಿವು ಎಂದು ಭಾವಿಸಿ ಲೆಕ್ಕ ಹಾಕಿದರೆ, ಸಂಗ್ರಹ ಮುಗಿಯುವ ಹೊತ್ತಿಗೆ ಉಷ್ಣತೆ 10 ಡಿಗ್ರಿಯ ಆಸುಪಾಸಿನಲ್ಲಿ ನಿಲ್ಲುತ್ತದೆ. ಯಂತ್ರ ಅದೇ, ಹಾಲೂ ಅದೇ. ಹಾಲು ಬರುವುದನ್ನು ರಾಶಿ ಎಂದು ಕಂಡೆವೋ ಹರಿವು ಎಂದು ಕಂಡೆವೋ ಎಂಬುದರ ಮೇಲೆ ಖರ್ಚು ನಿರ್ಧಾರವಾಯಿತು.

ಆದರೂ ನಾವು ಒಂದು ದೊಡ್ಡ ತಪ್ಪು ಮಾಡಿದೆವು. ಟ್ಯಾಂಕಿನ ಸುತ್ತ ಗೆರೆ ಎಳೆದಾಗ ಟ್ಯಾಂಕರ್ ಲಾರಿ ಗೆರೆಯ ಹೊರಗೆ ಉಳಿಯಿತು. ದಿನವೂ ಬೆಳಗಿನ ಸಂಗ್ರಹವಾದ ಮೇಲೆ ಲಾರಿ ಬಂದು ಟ್ಯಾಂಕ್ ಖಾಲಿ ಮಾಡುತ್ತದೆ ಎಂಬ ಊಹೆ ನಮ್ಮ ಮನಸ್ಸಿನಲ್ಲಿತ್ತು, ಹಾಳೆಯ ಮೇಲೆ ಇರಲಿಲ್ಲ. ಹಾಗಾಗಿ 1800 ಲೀಟರಿಗೆ 2000 ಲೀಟರಿನ ಟ್ಯಾಂಕ್ ಸಾಕೆಂದು ನಿರ್ಧರಿಸಿದೆವು. ಮಳೆಗಾಲದ ಒಂದು ದಿನ ದಾರಿಯಲ್ಲಿ ಲಾರಿ ಕೆಟ್ಟು ನಿಂತಿತು. ಸಂಜೆ 5ಕ್ಕೆ ಜನ ಎಂದಿನಂತೆ ಕ್ಯಾನ್ ಹಿಡಿದು ಸಾಲಿನಲ್ಲಿ ನಿಂತರು. ಟ್ಯಾಂಕಿನಲ್ಲಿ 200 ಲೀಟರಿಗಷ್ಟೇ ಜಾಗ. ಉಳಿದ ಹಾಲನ್ನು ಕ್ಯಾನುಗಳಲ್ಲೇ ಪಕ್ಕದ ಊರಿನ ಘಟಕಕ್ಕೆ ಸಾಗಿಸಿದೆವು. ಆ ರಾತ್ರಿ ನಾನು ಹಾಳೆಯ ಬಲಭಾಗದಲ್ಲಿ ಒಂದು ಉದ್ದನೆಯ ಅಂಕಣ ಎಳೆದು ಅದಕ್ಕೆ ‘ಹೊರಗಿಟ್ಟದ್ದು’ ಎಂದು ಹೆಸರಿಟ್ಟೆ. ಯಾವುದನ್ನು ಮಾದರಿಯಿಂದ ಕೈಬಿಟ್ಟಿದ್ದೇವೆ, ಯಾವ ಊಹೆಯ ಮೇಲೆ ಕೈಬಿಟ್ಟಿದ್ದೇವೆ, ಆ ಊಹೆ ತಪ್ಪಿದರೆ ಏನಾಗುತ್ತದೆ ಎಂದು ಅದರಲ್ಲಿ ಬರೆಯುತ್ತೇವೆ. ಮುಂದಿನ ಘಟಕಕ್ಕೆ 3000 ಲೀಟರಿನ ಟ್ಯಾಂಕ್ ಆರಿಸಲು ಆ ಅಂಕಣದ ಒಂದೇ ಸಾಲು ಕಾರಣವಾಯಿತು.

ಸಂಶೋಧನೆಯ ಕೆಲಸದ ಬಗ್ಗೆ ತುಸು ವಿವರವಾಗಿ ಹೇಳಬೇಕು, ಏಕೆಂದರೆ ಮಾದರಿಯ ಬಗ್ಗೆ ನನಗಿದ್ದ ಕಲ್ಪನೆಯನ್ನೇ ಅದು ಬದಲಿಸಿತು. ಹಸುಗಳಿಗೆ ಖನಿಜ ಮಿಶ್ರಣ ಕೊಟ್ಟರೆ ಹಾಲಿನ ಫ್ಯಾಟ್ ಹೆಚ್ಚುತ್ತದೆಯೇ ಎಂಬುದು ಪಶುವೈದ್ಯರ ಪ್ರಶ್ನೆಯಾಗಿತ್ತು. ಡೇರಿಯಲ್ಲೇ ಖನಿಜ ಮಿಶ್ರಣ ಮಾರಿ ಬಟವಾಡೆಯಲ್ಲಿ ಹಿಡಿದುಕೊಳ್ಳುತ್ತಿದ್ದರಿಂದ, ಯಾವ ನಂಬರಿನವರು ಯಾವಾಗ ಕೊಂಡರು, ಅವರ ಹಾಲಿನ ಫ್ಯಾಟ್ ಎಷ್ಟಿತ್ತು ಎಂಬುದೆಲ್ಲ ನಮ್ಮ ವ್ಯವಸ್ಥೆಯಲ್ಲಿತ್ತು. ಎರಡನ್ನೂ ಜೋಡಿಸಿದಾಗ ಬಂದ ಫಲಿತಾಂಶ ನೋಡಿ ಎಲ್ಲರಿಗೂ ಗಾಬರಿಯಾಯಿತು: ಖನಿಜ ಮಿಶ್ರಣ ಕೊಂಡ ಮನೆಗಳ ಹಾಲಿನಲ್ಲಿ ಫ್ಯಾಟ್ ಕಡಿಮೆ ಇತ್ತು.

ತಂಡದ ಹಿರಿಯ ವೈದ್ಯರು ಹಾಳೆಯ ಮೇಲೆ ಬಾಣಗಳನ್ನು ಎಳೆಯತೊಡಗಿದರು. ಮನೆಯವರು ಖನಿಜ ಮಿಶ್ರಣ ಕೊಳ್ಳುವುದು ಯಾವಾಗ? ಹಸು ಈದು ಹಾಲು ಏರುತ್ತಿರುವಾಗ. ಈದ ಆರರಿಂದ ಎಂಟು ವಾರಗಳ ಸುಮಾರಿಗೆ ಹಾಲು ಅತಿ ಹೆಚ್ಚಾಗಿರುತ್ತದೆ, ಆಗಲೇ ಫ್ಯಾಟ್ ಪ್ರಮಾಣ ತಗ್ಗಿರುತ್ತದೆ. ಹಾಲು ಇಳಿಯುತ್ತ ಬಂದಂತೆ ಫ್ಯಾಟ್ ಏರುತ್ತದೆ. ಹಾಲಿನ ಈ ಏರಿಳಿತವನ್ನು ಪಿ.ಡಿ.ಪಿ. ವುಡ್ 1967ರಲ್ಲಿ ಒಂದು ಸರಳ ಸಮೀಕರಣದಲ್ಲಿ ಹಿಡಿದಿಟ್ಟರು, ಹೈನು ಸಂಶೋಧಕರು ಅದನ್ನು ಈಗಲೂ ಬಳಸುತ್ತಾರೆ. ಅಂದರೆ, ಈದ ನಂತರದ ಕಾಲವೆಂಬ ಒಂದೇ ಸಂಗತಿ ಖನಿಜ ಮಿಶ್ರಣದ ಖರೀದಿಯ ಕಡೆಗೂ ಒಂದು ಬಾಣ ಬಿಡುತ್ತದೆ, ಫ್ಯಾಟಿನ ಕಡೆಗೂ ಒಂದು ಬಾಣ ಬಿಡುತ್ತದೆ. ನಮಗೆ ಕಂಡದ್ದು ಅದರ ನೆರಳು. ಕಾರ್ಯಕಾರಣವನ್ನು ಹೀಗೆ ಬಾಣಗಳಲ್ಲಿ ಬರೆಯುವ ಕ್ರಮವನ್ನು ಬೆಳೆಸಿದ ಸೂವಾಲ್ ರೈಟ್ ಅಮೆರಿಕದ ಕೃಷಿ ಇಲಾಖೆಯಲ್ಲಿ ಪ್ರಾಣಿಗಳ ತಳಿಯ ಅಧ್ಯಯನದಲ್ಲಿದ್ದವರು, 1921ರಲ್ಲಿ ಅದನ್ನು ವಿವರವಾಗಿ ಪ್ರಕಟಿಸಿದರು. ಕೊಟ್ಟಿಗೆಗೆ ಇಷ್ಟು ಹತ್ತಿರದಲ್ಲಿ ಬೆಳೆದ ವಿಧಾನ ತಿರುಗಿ ಕೊಟ್ಟಿಗೆಯ ಪ್ರಶ್ನೆಗೇ ಬೆಳಕು ಕೊಟ್ಟದ್ದು ನನಗೆ ಬಹಳ ಸಂತೋಷ ತಂದ ಸಂಗತಿ.

ಹಾಗಾದರೆ ಈದ ದಿನಾಂಕವನ್ನು ಲೆಕ್ಕಕ್ಕೆ ತೆಗೆದುಕೊಂಡು ಹೋಲಿಸೋಣ ಎಂದರು ವೈದ್ಯರು. ಆಗ ನಾನು ನನ್ನ ಹಳೆಯ ಚಿತ್ರವನ್ನು ಬಿಡಿಸಿ ನೋಡಿದೆ. ನಂಬರ್ ಇತ್ತು, ಷೇರುದಾರ, ಹಾಲು ಹಾಕುವವರು, ಖಾತೆ, ಲೀಟರ್, ಕಿಲೋಗ್ರಾಮ್, ಡಿಗ್ರಿ ಎಲ್ಲವೂ ಇದ್ದವು. ಹಸು ಇರಲಿಲ್ಲ. ಬಟವಾಡೆಗೆ ಹಸು ಬೇಕಿರಲಿಲ್ಲ, ಆದ್ದರಿಂದ ಅದನ್ನು ಯಾರೂ ಕೇಳಿರಲಿಲ್ಲ, ನಾನೂ ಬರೆದಿರಲಿಲ್ಲ. ವರ್ಷಗಟ್ಟಲೆ ದಿನಕ್ಕೆ ಎರಡು ಹೊತ್ತು ತುಂಬಿದ ದತ್ತಾಂಶದಲ್ಲಿ ಒಂದೇ ಒಂದು ಹಸುವಿನ ಗುರುತೂ ಇರಲಿಲ್ಲ. ಹೆಚ್ಚು ದತ್ತಾಂಶವಿದ್ದರೆ ಉತ್ತರ ತಾನಾಗಿ ಸಿಗುತ್ತದೆ ಎಂದು ಹೇಳುವವರಿಗೆ ನಾನು ಈ ಸಂಗತಿಯನ್ನು ಹೇಳುತ್ತೇನೆ. ಬಟವಾಡೆಗೆ ಆ ಮಾದರಿ ಸರಿಯಾಗಿಯೇ ಇತ್ತು, ಇಂದಿಗೂ ಸರಿಯಾಗಿದೆ. ಹಸುವಿನ ಬಗೆಗಿನ ಪ್ರಶ್ನೆಯನ್ನು ಅದಕ್ಕೆ ಕೇಳಿದ್ದು ನಮ್ಮ ತಪ್ಪು.

ಮೂರನೆಯ ಮಾದರಿಯನ್ನು ಹಸುವಿನಿಂದ ಆರಂಭಿಸಿದೆವು. ಈಗ ಹಸುಗಳ ಕಿವಿಯೋಲೆಯಲ್ಲಿ 12 ಅಂಕಿಯ ಸಂಖ್ಯೆ ಇರುವುದರಿಂದ ಪ್ರತಿ ಹಸುವನ್ನೂ ಗುರುತಿಸುವುದು ಸಾಧ್ಯವಾಯಿತು. ಹಸುವಿಗೆ ಈದ ದಿನಾಂಕ, ಎಷ್ಟನೆಯ ಸೂಲು, ತಳಿ. ಹಸುವಿನಿಂದ ಮನೆಗೆ ಒಂದು ಗೆರೆ, ಮನೆಯಿಂದ ಡೇರಿಯ ನಂಬರಿಗೆ ಇನ್ನೊಂದು ಗೆರೆ. ಬೆಳಗಿನ ಹಾಲನ್ನೂ ಸಂಜೆಯ ಹಾಲನ್ನೂ ಬೇರೆಯಾಗಿಯೇ ಇಟ್ಟೆವು. ಬೆಳಿಗ್ಗೆ ಕರೆದದ್ದಕ್ಕೂ ಸಂಜೆ ಕರೆಯುವುದಕ್ಕೂ ನಡುವಿನ ಅವಧಿ ಕಡಿಮೆ ಇರುವಲ್ಲಿ ಸಂಜೆಯ ಹಾಲು ಕಡಿಮೆ, ಫ್ಯಾಟ್ ಹೆಚ್ಚು ಎಂಬುದು ಊರಿನವರಿಗೂ ಗೊತ್ತಿರುವ ವಿಷಯ.

ಬಿಡಿಸಲಾಗದೆ ಉಳಿದದ್ದು ಒಂದು ತೊಡಕು. ಮೂರು ಹಸುಗಳಿರುವ ಮನೆಯಲ್ಲಿ ಮೂರರ ಹಾಲೂ ಒಂದೇ ಕ್ಯಾನಿಗೆ ಬೀಳುತ್ತದೆ, ಡೇರಿಯಲ್ಲಿ ತೆಗೆಯುವ ಫ್ಯಾಟ್ ಆ ಮಿಶ್ರಣದ್ದು. ದಿನವೂ ಪ್ರತ್ಯೇಕವಾಗಿ ಅಳೆಯಿರಿ ಎಂದು ಬೆಳಗಿನ ಜಾವದಲ್ಲಿ ಕೊಟ್ಟಿಗೆ ಬಳಿದು, ಹಾಲು ಕರೆದು, ಮಕ್ಕಳನ್ನು ಶಾಲೆಗೆ ಕಳಿಸುವವರನ್ನು ಕೇಳುವುದು ನ್ಯಾಯವಲ್ಲ. ಆದ್ದರಿಂದ ತಿಂಗಳಿಗೊಂದು ದಿನ ನಮ್ಮವರೇ ಹೋಗಿ, ಪ್ರತಿ ಹಸುವಿನ ಹಾಲನ್ನೂ ಬೇರೆ ಪಾತ್ರೆಯಲ್ಲಿ ಅಳೆದು, ಸ್ಯಾಂಪಲ್ ಬಾಟಲಿಗೆ ಕಿವಿಯೋಲೆಯ ಸಂಖ್ಯೆ ಬರೆದ ಚೀಟಿ ಅಂಟಿಸಿ ತರುತ್ತಾರೆ. ಉಳಿದ ದಿನಗಳ ಮಿಶ್ರಣದ ವಿಷಯ ‘ಹೊರಗಿಟ್ಟದ್ದು’ ಅಂಕಣದ ಮೊದಲ ಸಾಲಿನಲ್ಲಿದೆ. ಈ ತಿಂಗಳ ಸುತ್ತಿನಲ್ಲಿ ಎರಡು ಮನೆಗಳ ಹಸುಗಳು ಹೊಸದಾಗಿ ಈದಿವೆ. ಅವುಗಳ ಬಾಟಲಿಗಳು ನಾಳೆ ಬೆಳಿಗ್ಗೆ ಬರಬೇಕು.