ಮನೆತನದ ಕಥೆಗೆ ಮುಯ್ಯಿ ಪಟ್ಟಿಯೇ ಮೂಲ

ಮನೆಯವರ ಕಥೆ ಬರೆಯಲು ಮೊದಲು ಹಳೇ ಲೆಕ್ಕ ಹುಡುಕಬೇಕು ಅಂದಾಗ ನಕ್ಕವರೇ ಜಾಸ್ತಿ. ಈಗ 160 ಪುಟದ ಪುಸ್ತಕ ಕೈಗೆ ಬಂದಮೇಲೆ ಅವರೇ ಇನ್ನೊಂದು ಪ್ರತಿ ಇದೆಯಾ ಅಂತ ಕೇಳುತ್ತಿದ್ದಾರೆ.

ಹಿರಿಯರ ಮುಂದೆ ಮೊಬೈಲ್ ಇಟ್ಟು "ನಿಮ್ಮ ಕಾಲ ಹೇಗಿತ್ತು?" ಅಂತ ಕೇಳುವುದು ಪೂರ್ತಿ ಕೈಕೊಟ್ಟಿತು. ಗಂಟೆಗಟ್ಟಲೆ ರೆಕಾರ್ಡಿಂಗಿನಲ್ಲಿ ಸಿಕ್ಕಿದ್ದು "ಕಷ್ಟ ಇತ್ತಪ್ಪ" ಅಷ್ಟೇ. ಅದನ್ನು ಟೈಪ್ ಮಾಡಿಸಿದ ಮೂರು ಸಾವಿರದಷ್ಟು ದುಡ್ಡು ನೀರಿಗೆ ಹೋಯಿತು. ಅದರ ಬದಲು ಮದುವೆಯ ಮುಯ್ಯಿ ಪಟ್ಟಿ, ಅಂದರೆ ಯಾರು ಏನು ಉಡುಗೊರೆ ಕೊಟ್ಟರು ಅನ್ನೋ ಲೆಕ್ಕ, ಅವರ ಮುಂದೆ ಓದಿ ನೋಡಿ: "ಸಣ್ಣತ್ತೆ ಮನೆಯವರು, 1-4-0, ರವಿಕೆ ಕಣ." ಅಷ್ಟೇ ಸಾಕು, ಅವರು ಆಮೇಲೆ ಯಾಕೆ ಮಾತು ಬಿಟ್ಟರು ಅನ್ನೋದರ ತನಕ ಬರುತ್ತದೆ. ಒಂದು ಸಾಲಿಗೆ ಒಂದೇ ಪ್ರಶ್ನೆ, ಒಂದೊಂದಕ್ಕೂ ಬೇರೆ ರೆಕಾರ್ಡಿಂಗ್ ಫೈಲ್, ಅರ್ಧ ಗಂಟೆ ಮೀರಬಾರದು. ಅಂದಹಾಗೆ ರೂಪಾಯಿ-ಆಣೆ-ಪೈ ಲೆಕ್ಕದಲ್ಲಿ 1-4-0 ಅಂದರೆ ಒಂದೂಕಾಲು ರೂಪಾಯಿ. 1957ರ ಏಪ್ರಿಲ್‌ನಲ್ಲಿ ನಯಾಪೈಸೆ (ರೂಪಾಯಿಗೆ ನೂರು) ಬಂದರೂ ಜನ ಆಣೆ ಲೆಕ್ಕ ತಕ್ಷಣ ಬಿಡಲಿಲ್ಲ, ಆದ್ದರಿಂದ ಅದೊಂದನ್ನೇ ನಂಬಿ ವರ್ಷ ಹಾಕಬೇಡಿ.

ತಾರೀಖು ಕೆಡುವುದು ಜಾತಕದಲ್ಲಿ. ಧಾತು ಸಂವತ್ಸರ ಅಂದಕೂಡಲೇ 1936 ಅಂತ ಬರೆದುಬಿಡುತ್ತಾರೆ. ಸಂವತ್ಸರ ಯುಗಾದಿಯಿಂದ ಯುಗಾದಿಗೆ, ಆದ್ದರಿಂದ ಮಾಘವಾದರೆ ಅದು 1937. ಶಾಲೆಯ ಟಿ.ಸಿ.ಯಲ್ಲಿರುವ ಹುಟ್ಟಿದ ದಿನ ಮೇಷ್ಟ್ರ ಅಂದಾಜು ಅಂತಲೇ ಇಟ್ಟುಕೊಳ್ಳಿ.

ಗೇಣಿ ಜಮೀನಿದ್ದ ಮನೆಯಾದರೆ ಫಾರಂ 7ರ (ಗೇಣಿದಾರರು ಜಮೀನಿನ ಹಕ್ಕಿಗೆ ಹಾಕಿದ ಅರ್ಜಿ) ಕಡತದ ನಕಲು ತೆಗೆಸಲೇಬೇಕು. ಭೂಸುಧಾರಣಾ ಕಾಯ್ದೆಗೆ 1974ರಲ್ಲಿ ಜಾರಿಯಾದ ತಿದ್ದುಪಡಿಯ ನಂತರ ಭೂನ್ಯಾಯ ಮಂಡಳಿ ಮುಂದೆ ಒಡೆಯರೂ ಗೇಣಿದಾರರೂ ಕೊಟ್ಟ ಹೇಳಿಕೆ ಅದರಲ್ಲಿರುತ್ತದೆ. ಹೆಬ್ಬೆಟ್ಟು ಒತ್ತಿದ ಅಜ್ಜನ ಮಾತು ಬೇರೆಲ್ಲೂ ಸಿಗುವುದಿಲ್ಲ. ನಕಲಿನ ಶುಲ್ಕ ಕಡಿಮೆ, ಓಡಾಟವೇ ದುಬಾರಿ.

ಪಾಲಿನ ಜಗಳದ ಅಧ್ಯಾಯವನ್ನು ಎರಡೂ ಕಡೆಯವರಿಂದ ಒಪ್ಪಿಸಿದ್ದು ಹೇಗೆ ಅಂತ ಎಲ್ಲರೂ ಕೇಳುತ್ತಾರೆ. ಅದನ್ನು ಮಾತ್ರ ಪೂರ್ತಿ ಹೇಳಲ್ಲ. ಪ್ರತ್ಯೇಕವಾಗಿ ಓದಿ ಕೇಳಿಸಬೇಕು, ಪ್ರತಿ ಕೈಗೆ ಕೊಡಬಾರದು, ಇಷ್ಟು ಸಾಕು.

ನಡುವೆ ಅಡುಗೆಯ ಮೇಲೂ ಒಂದು ಅಧ್ಯಾಯ ಹಾಕಿ ನೋಡಿದೆ. ಅಳತೆ ಕೇಳಿದರೆ "ಕೈಯಂದಾಜು" ಅನ್ನುತ್ತಾರೆ. ಅವರ ಹಿಡಿಯನ್ನೇ ತಕ್ಕಡಿಗೆ ಹಾಕಿಸಿದೆ. ಚೆನ್ನಾಗಿ ಬಂತು, ಆದರೆ ಈ ಪುಸ್ತಕಕ್ಕೆ ಹೊಂದಲಿಲ್ಲ, ತೆಗೆದೆ.

ಅಚ್ಚಿಗೆ: ಡೆಮಿ ಅಷ್ಟದಳ (ಮಾಮೂಲಿ ಪುಸ್ತಕದ ಅಳತೆ), ಹದಿನಾರು ಪುಟಕ್ಕೊಂದರಂತೆ ಹತ್ತು ಫಾರಂ. ನೂರು ಪ್ರತಿಗೆ ಡಿಜಿಟಲ್ಲೇ ಸರಿ, ಪ್ರತಿಗೆ ನೂರಾ ಮೂವತ್ತು ರೂಪಾಯಿ ಆಸುಪಾಸು ಬಿತ್ತು. ನುಡಿ ತಂತ್ರಾಂಶದ ಹಳೇ ಫಾಂಟಿನಿಂದ ಯುನಿಕೋಡಿಗೆ ಬದಲಾಯಿಸಿದಮೇಲೆ ಅರ್ಕಾವತ್ತು ಇರುವ ಪದಗಳನ್ನೆಲ್ಲ ಕಣ್ಣಲ್ಲೇ ನೋಡಿ. ಕರಡನ್ನು ತಿದ್ದುವವರು ಮನೆಯವರಾಗಿರಬಾರದು; ಅವರು ತಪ್ಪು ಬಿಟ್ಟು ಕಥೆ ತಿದ್ದುತ್ತಾರೆ.