ಹುತ್ತ ನೋಡಿ ಹುಳು ಮನೆ ತಂಪು ಮಾಡಿದ್ದು

ಈ ಸಲದ ಏಪ್ರಿಲ್ ರೇಷ್ಮೆ ಬೆಳೆಯಲ್ಲಿ 100 ಮೊಟ್ಟೆಗೆ (ಒಂದು ಚಿಟ್ಟೆ ಇಟ್ಟ ನೂರಾರು ಮೊಟ್ಟೆಯ ಗುಂಪನ್ನೇ ನಾವು ಒಂದು ಮೊಟ್ಟೆ ಅನ್ನೋದು) 70 ಕೆಜಿ ಹತ್ತಿರ ಗೂಡು ಬಂತು. ಹೊರಗೆ 37 ಡಿಗ್ರಿ, ಹುಳು ಮನೆ ಒಳಗೆ 29ರ ಆಸುಪಾಸು. "ಇದ್ದಿಲು ಗೋಡೆ ಕಟ್ಟಿದ್ಯಾ? ಇಸ್ತ್ರಿ ಅಂಗಡಿ ಇಡ್ತೀಯೇನಪ್ಪ" ಅಂತ ಶಿಡ್ಲಘಟ್ಟ ಗೂಡು ಮಾರ್ಕೆಟ್‌ನಲ್ಲಿ ನಕ್ಕವರೇ ಈಗ ಮನೆಗೆ ಬಂದು ಅಳತೆ ತೆಗೆದುಕೊಂಡು ಹೋಗುತ್ತಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ.

ಮೂರು ವರ್ಷದ ಹಿಂದೆ ಕೂಲಿಂಗ್ ಪ್ಯಾಡ್ (ನೀರು ಹರಿಸಿ ಗಾಳಿ ತಂಪು ಮಾಡುವ ದಪ್ಪ ಕಾಗದದ ಹಲಗೆ) ಮಾರುವವನೊಬ್ಬ ಬಂದಿದ್ದ. ಪ್ಯಾಡ್, ಎರಡು ದೊಡ್ಡ ಫ್ಯಾನು, ಪಂಪು ಎಲ್ಲ ಸೇರಿ ಒಂದೂಮುಕ್ಕಾಲು ಲಕ್ಷ ಅಂದ. "ಹೊಸ ಟೆಕ್ನಾಲಜಿ ಸಾರ್." ಜಗಲಿ ಮೇಲಿದ್ದ ನಮ್ಮಜ್ಜಿ ಆ ಪ್ಯಾಡ್ ತುಂಡನ್ನು ತಿರುಗಿಸಿ ಮುರುಗಿಸಿ ನೋಡಿ, "ಇದನ್ನ ಒದ್ದೆ ಮಾಡೋದೇನಪ್ಪಾ? ನಾವು ಗೋಣಿಚೀಲ ನೆನೆಸಿ ಕಿಟಕಿಗೆ ಕಟ್ತಿರ್ಲಿಲ್ವಾ?" ಅಂದಳು. ಅವನು ನಕ್ಕ. ನನಗೆ ನಗು ಬರಲಿಲ್ಲ. ಹೌದಲ್ವಾ, ಮಡಕೆ ಮಾಡೋ ಕೆಲಸವನ್ನೇ ಕಾಗದದ ಹತ್ತಿರ ಮಾಡಿಸಿ ಮಾರುತ್ತಿದ್ದಾರೆ.

ಆದರೆ ಅಜ್ಜಿ ಮಾತು ನಂಬಿ ಕೈ ಸುಟ್ಟುಕೊಂಡಿದ್ದೂ ನಾನೇ. ಮೊದಲ ವರ್ಷ ನಾಲ್ಕೂ ಕಡೆ ಗೋಣಿಚೀಲ ಕಟ್ಟಿ, ಮೇಲೆ ಡ್ರಿಪ್ ಪೈಪು ಎಳೆದು ದಿನವಿಡೀ ನೀರು ಬಿಟ್ಟೆ. ತಂಪೇನೋ ಆಯಿತು, ಗಾಳಿ ಆಡಲಿಲ್ಲ. ನಾಲ್ಕನೇ ಜ್ವರ (ಹುಳು ಪೊರೆ ಬಿಡೋದು) ಎದ್ದ ಮೇಲೆ ಸುಣ್ಣಕಟ್ಟು ಅನ್ನುವ ಬೂಷ್ಟು ರೋಗ ಬಂತು. ಒಂದು ಹುಳು ಎತ್ತಿಕೊಂಡರೆ ಸೀಮೆಸುಣ್ಣದ ಹಾಗೆ ಟಕ್ ಅಂತ ಮುರಿಯಿತು, ಒಳಗೂ ಬಿಳಿ. 150 ಮೊಟ್ಟೆಯ ಹುಳುವಿನಲ್ಲಿ ಅರ್ಧಕ್ಕಿಂತ ಜಾಸ್ತಿ ಗುಂಡಿಗೆ ಹೋಯಿತು. ಸೊಪ್ಪು, ಕೂಲಿ, ಚಾಕಿ (ಮರಿಹುಳು) ದುಡ್ಡು ಸೇರಿ ನಲವತ್ತು ಸಾವಿರ ಹೋಗಿರಬೇಕು. ಮನೆಯವಳು ವಾರ ಮಾತಾಡಲಿಲ್ಲ.

ಹೊಲದ ಬದುವಿನ ಮೇಲೆ ಒಂದು ಹಳೇ ಹುತ್ತ ಇದೆ. ಆಮೇಲೆ ಸುಮ್ನೆ ಅದರ ಪಕ್ಕ ಕೂತು ಯೋಚನೆ ಮಾಡುವುದೇ ಕೆಲಸವಾಯಿತು. ಜಿಂಬಾಬ್ವೆಯ ಹರಾರೆ ಊರಿನಲ್ಲಿ ಮಿಕ್ ಪಿಯರ್ಸ್ ಅನ್ನುವ ಆರ್ಕಿಟೆಕ್ಟ್ ಹುತ್ತ ನೋಡಿ ಈಸ್ಟ್‌ಗೇಟ್ ಅನ್ನುವ ದೊಡ್ಡ ಕಟ್ಟಡ ಮಾಡಿದ್ದಾರೆ, 1996ರಲ್ಲಿ, ಮಾಮೂಲಿ ಏಸಿ ಇಲ್ಲದೆ. ಮಜಾ ಅಂದರೆ, ಹುತ್ತ ಬರೀ ಚಿಮಣಿ ಥರ ಬಿಸಿಗಾಳಿ ಮೇಲೆ ಕಳಿಸುವುದಲ್ಲ, ಹೊರಗಿನ ಗಾಳಿ ಬೀಸಿದ ಹಾಗೆ ಶ್ವಾಸಕೋಶದಂತೆ ಉಸಿರಾಡುತ್ತದೆ ಅಂತ ಆಮೇಲೆ ಅಧ್ಯಯನ ಮಾಡಿದವರು ಹೇಳಿದರು. ಕಟ್ಟಡ ಮಾತ್ರ ಕೆಲಸ ಮಾಡುತ್ತಲೇ ಇದೆ! ಅರ್ಧಂಬರ್ಧ ಕಾಪಿ ಹೊಡೆದರೂ ನಡೆಯುತ್ತದೆ ಅಂತ ನನಗೆ ಧೈರ್ಯ ಬಂದಿದ್ದೇ ಅಲ್ಲಿಂದ.

ಎರಡನೇ ವರ್ಷ ಒಂದೇ ಕಡೆ, ಗಾಳಿ ಬರುವ ಕಡೆ, ಎರಡು ಮೆಷ್ ನಡುವೆ ನಾಲ್ಕು ಇಂಚು ಜಾಗ ಬಿಟ್ಟು ನೀಲಗಿರಿ ಇದ್ದಿಲು ತುಂಬಿ, ಮೇಲಿಂದ ಡ್ರಿಪ್ ನೀರು ಬಿಟ್ಟೆ. ಎಂಟು ಚೀಲ ಹಿಡಿಯಿತು. ಎದುರು ಗೋಡೆಯ ಮೇಲ್ಭಾಗದಲ್ಲಿ ಕಪ್ಪು ಬಣ್ಣ ಬಳಿದ ತಗಡಿನ ಚಿಮಣಿ, ಎಂಟಡಿ. ಬಿಸಿಲಿಗೆ ತಗಡು ಕಾದಷ್ಟೂ ಒಳಗಿನ ಗಾಳಿ ಎಳೆಯುತ್ತದೆ. ಬಾಯಿಗೆ ಊಜಿ ಬಲೆ (ಹುಳುವಿನ ಮೇಲೆ ಮೊಟ್ಟೆ ಇಡುವ ಊಜಿ ನೊಣ ತಡೆಯೋಕೆ) ಕಟ್ಟುವುದು ನಿಮಗೆ ಹೇಳಬೇಕಿಲ್ಲ. ಅದೂ ಎರಡೇ ತಿಂಗಳಿಗೆ ಕೈಕೊಟ್ಟಿತು. ನಮ್ಮದು 1,300 ಅಡಿ ಬೋರು, ನೀರಿನ ಉಪ್ಪು ಇದ್ದಿಲಿಗೆ ಬೆಳ್ಳಗೆ ಹಿಡಿದು ಗಾಳಿಯೇ ನುಗ್ಗದಾಯಿತು. ಇದ್ದಿಲು ಬದಲಾಯಿಸಿ ಕೃಷಿ ಹೊಂಡದ ನೀರಿಗೆ ಬಂದೆ. ಮಧ್ಯೆ ತಿಪಟೂರು ಕಡೆಯ ತೆಂಗಿನ ನಾರು ಹಾಕಿ ನೋಡಿದೆ, ಕುಸಿದು ಕೂತು ನಾತ ಹೊಡೆಯಿತು. ಲಾವಂಚ ಘಮ್ ಅನ್ನುತ್ತದೆ, ಆದರೆ ರೇಟು ಕೇಳಿ ವಾಪಸ್ ಬಂದೆ. ಎಲ್ಲ ಸೇರಿ ಇಪ್ಪತ್ಮೂರು ಸಾವಿರ ಆಗಿರಬಹುದು. ಲೋಳೆ ಕಟ್ಟದಂತೆ ನೀರಿಗೆ ಏನು ಹಾಕುತ್ತೇನೆ, ಚಿಮಣಿ ಬಾಯಿ ಎಷ್ಟು ಅಗಲ, ಅದನ್ನು ಇಲ್ಲಿ ಬರೆಯಲ್ಲ. ಮನೆಗೆ ಬನ್ನಿ, ಕಾಫಿ ಕುಡಿಯುತ್ತಾ ಹೇಳುತ್ತೇನೆ.

ನಮ್ಮ ಹುಳುವನ್ನೇ ನಕಲು ಮಾಡಿದವರೂ ಇದ್ದಾರೆ. ರೇಷ್ಮೆ ಹುಳುವಿನ ರೋಗದ ಬಗ್ಗೆ ವಿಜ್ಞಾನಿ ಪಾಶ್ಚರ್ ಜೊತೆ ಕೆಲಸ ಮಾಡಿದ ಫ್ರಾನ್ಸಿನ ಶಾರ್ಡೊನೆ 1884ರಲ್ಲಿ ಕೃತಕ ರೇಷ್ಮೆಗೆ ಪೇಟೆಂಟ್ ತೆಗೆದುಕೊಂಡ. ಹುಳು ಬಾಯಿಯಿಂದ ನೂಲು ಬಿಡುವ ಹಾಗೆ ಅಂಟು ದ್ರವವನ್ನು ಸಣ್ಣ ತೂತಿನಿಂದ ಎಳೆದ. ಆ ಬಟ್ಟೆಗೆ ಬೆಂಕಿ ಮಾತ್ರ ಬೇಗ ಹತ್ತುತ್ತಿತ್ತು. ಹುಳು ಗೂಡು ಕಟ್ಟೋಕೆ ಬಿಡುವ ಪ್ಲಾಸ್ಟಿಕ್ ಚಂದ್ರಿಕೆಯೂ ಅಷ್ಟೇ, ಬಿದಿರಿನ ಚಂದ್ರಿಕೆಯ ತಮ್ಮ. ತೊಳೆಯೋದು ಸುಲಭ, ಅದನ್ನು ಒಪ್ಪುತ್ತೇನೆ.

ಹಾಗಂತ ಎಲ್ಲಾ ಅಜ್ಜಿಗೇ ಗೊತ್ತಿತ್ತು ಅನ್ನುವ ಗುಂಪಿಗೆ ನನ್ನನ್ನು ಸೇರಿಸಬೇಡಿ. ನನ್ನ ಬೆಳೆ ಉಳಿಸಿದ್ದು ಮುನ್ನೂರೈವತ್ತು ರೂಪಾಯಿಯ ತೇವ ಅಳೆಯೋ ಮೀಟರು. ಅಜ್ಜಿ ತಟ್ಟೆಯಲ್ಲಿ ಸೊಪ್ಪು ಬಾಡೋದು ನೋಡಿ ಒಣಗಾಳಿ ಅಂತ ಹೇಳುತ್ತಿದ್ದಳು, ಸರಿಯಾಗೇ ಹೇಳುತ್ತಿದ್ದಳು. ಆದರೆ ಗಾಳಿಯ ತೇವ ಶೇಕಡಾ 75ಕ್ಕೂ 90ಕ್ಕೂ ವ್ಯತ್ಯಾಸ ಹೇಳೋಕೆ ಅವಳ ಕೈಲೂ ಆಗುತ್ತಿರಲಿಲ್ಲ, ನನ್ನ ಕೈಲೂ ಆಗಲಿಲ್ಲ. ನಲವತ್ತು ಸಾವಿರ ಹೋಗಿದ್ದು ಅಲ್ಲೇ. ಈಗ ಮೀಟರು 80 ದಾಟಿದರೆ ನಲ್ಲಿ ಬಂದ್.

ಮಳೆಗಾಲದಲ್ಲಿ ನೀರು ಬಿಡಲೇಬೇಡಿ. ನನ್ನದೇ ಅಳತೆಯಲ್ಲಿ ಕಟ್ಟಿಸಿದ ಪಕ್ಕದೂರಿನವರೊಬ್ಬರು ಜುಲೈನಲ್ಲೂ ಡ್ರಿಪ್ ಬಿಟ್ಟುಕೊಂಡು ಕೂತಿದ್ದರು. ಫೋನ್ ಮಾಡಿ, "ಅಣ್ಣ, ಹುಳು ಬೆಳ್ಳಗಾಗ್ತಿದೆ" ಅಂದಾಗಲೇ ನನಗೆ ಗೊತ್ತಾಯಿತು.